ಹಸಿರು ಹೆಲಿಕಾಪ್ಟರ್ ಹಾಡಿದ ಮುನಿರಾಜು

ಮುನಿರಾಜು ತನ್ನ ಗಿಟಾರನ್ನು ತೋಟದ ಬೋರ್‌ವೆಲ್ ಮೋಟಾರಿನ ಸದ್ದಿಗೆ ಶ್ರುತಿ ಮಾಡಿಕೊಳ್ಳುತ್ತಿದ್ದ. ಕರೆಂಟ್ ಹೋದರೆ ನಮ್ಮ ಅಭ್ಯಾಸವೂ ನಿಲ್ಲುತ್ತಿತ್ತು. "ಅದು ಸುಳ್ಳು ಹೇಳಲ್ಲ ಕಣೋ, ಒಂದೇ ಸ್ವರ, ಒಂದೇ ಮಾತು," ಅನ್ನುತ್ತಿದ್ದ. ಶೆಟ್ಟಿಹಳ್ಳಿ ಆಗಿನ್ನೂ ಅರ್ಧ ಹಳ್ಳಿ. ಅವನ ಮನೆಯವರು ಸೊಪ್ಪು ಬೆಳೆಯುತ್ತಿದ್ದರು. ಮೋಟಾರ್ ಶೆಡ್ಡಿನಲ್ಲಿ ನಮ್ಮ ಬ್ಯಾಂಡು. ಅವನು ಹಾಡು ಕಟ್ಟಿ ಹಾಡುತ್ತಿದ್ದ, ಅವನ ಚಿಕ್ಕಪ್ಪನ ಮಗ ಡ್ರಮ್ಸ್, ನಾನು ಕೀಬೋರ್ಡು. ನನಗೆ ಕೀಬೋರ್ಡ್ ಬರುತ್ತಿತ್ತೆಂದಲ್ಲ, ನನ್ನ ಹತ್ತಿರ ಇತ್ತು.

ನಮ್ಮದು ಸೈಕೆಡೆಲಿಕ್ ರಾಕ್ ಎಂದು ಊರಿಗೆಲ್ಲ ಸಾರಿದವನು ನಾನೇ. ಹಾಗೆಂದರೇನು ಎಂದು ಕೇಳಿದವರಿಗೆ ಉದ್ದ ಕೂದಲು ಹಿಂದಕ್ಕೆ ತಳ್ಳಿ, ಅರೆಗಣ್ಣು ಮಾಡಿ ನಗುತ್ತಿದ್ದೆ. ಮುನಿರಾಜು ನೇರವಾಗಿ ಹೇಳುತ್ತಿದ್ದ: "ಜ್ವರ ಬಂದಾಗ ಸೂರು ಅತ್ಲಾಗೆ ಇತ್ಲಾಗೆ ಓಡಾಡ್ತದಲ್ಲ, ಅಂಗೆ."

ಯಶವಂತಪುರದ ಪುಟ್ಟ ಸ್ಟುಡಿಯೋ ಒಂದರಲ್ಲಿ, ಭಕ್ತಿಗೀತೆಯವರು ಬಾರದ ದಿನ, ನಮ್ಮ 'ಹಸಿರು ಹೆಲಿಕಾಪ್ಟರ್' ಕ್ಯಾಸೆಟ್ ರೆಕಾರ್ಡ್ ಆಯಿತು. ಕೊನೆಯ ಹಾಡಿನ ನಡುವೆ ನಾನು ಒತ್ತಿದ ಕೀ ಒಂದು ಮೇಲೆ ಬರಲೇ ಇಲ್ಲ. ಸ್ವರ ಹಾಗೇ ಕೂಗುತ್ತ ಹೋಯಿತು. ಬೆವತು ಪ್ಲಗ್ ಕೀಳಲು ಹೋದೆ. ಮುನಿರಾಜು ತಲೆಯಾಡಿಸಿ ತಡೆದ. ಆ ಸ್ವರದ ಮೇಲೆಯೇ ಕಣ್ಣು ಮುಚ್ಚಿ ಹಾಡಿ ಮುಗಿಸಿದ.

ಕ್ಯಾಸೆಟ್ ಬಿಡುಗಡೆ ಗಣೇಶನ ಪೆಂಡಾಲಿನಲ್ಲಿ. ಎರಡನೇ ಹಾಡಿಗೇ ಅಜ್ಜಿಯೊಬ್ಬರು ಎದ್ದು ಬಂದು, "ಮೈಕ್ ಕೆಟ್ಟೋಗದೆ ಮಗ, ನಿಲ್ಸು. ಸರಿ ಮಾಡಿಸ್ಕೊಂಡು ಶುರು ಮಾಡೀವಂತೆ," ಅಂದರು. ಮುನಿರಾಜು ಅವರಿಗೆ ಕೈಮುಗಿದು ಮೈಕ್ ಆರಿಸಿದ. ಮತ್ತೆ ಎಲ್ಲೂ ಹಾಡಲಿಲ್ಲ. ಕ್ಯಾಸೆಟ್‌ಗಳನ್ನು ಸಿಕ್ಕಸಿಕ್ಕವರಿಗೆ ಕೊಟ್ಟುಬಿಟ್ಟ. ತೋಟ ಲೇಔಟ್ ಆಯಿತು. ಅವನು ರಾಜಾನುಕುಂಟೆಯ ಆಚೆ ಜಾಗ ಮಾಡಿ ಗುಲಾಬಿ ಬೆಳೆಯತೊಡಗಿದ. ನಾನು ಯಲಹಂಕದಲ್ಲಿ ವಿಮೆ ಏಜೆಂಟನಾದೆ.

ಎಷ್ಟೋ ವರ್ಷಗಳ ಮೇಲೆ ಯಾರೋ ಆ ಕ್ಯಾಸೆಟ್ಟನ್ನು ಇಂಟರ್‌ನೆಟ್ಟಿಗೆ ಏರಿಸಿದರು. ನಾವು ಕಂಡು ಕೇಳದ ಊರಿನವರೆಲ್ಲ ಅದನ್ನು ಹೊಗಳತೊಡಗಿದರು. ನನ್ನ ಕೆಟ್ಟ ಕೀ ಬಗ್ಗೆ ಒಬ್ಬ, ಅಲ್ಲಿ ಕಾಲವೇ ನಿಂತುಹೋಗುತ್ತದೆ ಎಂದು ಬರೆದಿದ್ದ. ಅದನ್ನು ಹೆಂಡತಿಗೆ ಓದಿ ಹೇಳಿದೆ. "ಆಗ್ಲೇ ರಿಪೇರಿ ಮಾಡಿಸ್ಬೇಕಿತ್ತು ಕಣ್ರೀ," ಅಂದಳು.

ಒಂದು ಭಾನುವಾರ ಆರ್.ಟಿ. ನಗರದಿಂದ ಮೂವರು ಅಭಿಮಾನಿಗಳು ಮನೆಗೆ ಬರುತ್ತೇವೆಂದರು. ಉಳಿದ ಕೂದಲಿಗೆ ಬಣ್ಣ ಹಚ್ಚಿ, ಕಪ್ಪು ಕನ್ನಡಕ ಹಾಕಿಕೊಂಡು ಬಾಗಿಲು ತೆರೆದೆ.

"ಅಂಕಲ್, ಮುನಿರಾಜು ಸರ್ ಎಲ್ಲಿ ಸಿಗ್ತಾರೆ?"

ತೋಟಕ್ಕೆ ಕರೆದುಕೊಂಡು ಹೋದೆ. ಮುನಿರಾಜು ಗುಲಾಬಿ ಸಾಲಿನ ನಡುವಿನಿಂದ ಮಣ್ಣುಗೈಯಲ್ಲೇ ಎದ್ದು ಬಂದ. ಕೂದಲಿಗೆ ನೀಲಿ ಬಣ್ಣ ಹಚ್ಚಿದ್ದ ಹುಡುಗಿ ಅವನೆದುರೇ ಆ ಕೊನೆಯ ಹಾಡು ಶುರು ಮಾಡಿದಳು. ನಡುವೆ ಸಾಲು ಮರೆತಳು. ಅವನೇ ಎತ್ತಿಕೊಟ್ಟ. "ಅಂಗಾದ್ರೆ ಮೈಕ್ ಕೆಟ್ಟಿರ್ಲಿಲ್ಲ ಅನ್ನಿ," ಎಂದು ತೋಳಿನಿಂದ ಕಣ್ಣೊರೆಸಿಕೊಂಡು ನಕ್ಕ.

ಫೋಟೋ ತೆಗೆಸಿಕೊಳ್ಳಲು ಎಲ್ಲರೂ ಸಾಲಾಗಿ ನಿಂತರು. ನಾನೂ ಹೊಟ್ಟೆ ಒಳಗೆಳೆದುಕೊಂಡು ನಿಂತೆ. "ಅಂಕಲ್, ನೀವೇ ಒಂದು ತೆಗೀತೀರಾ?" ಎಂದು ಫೋನನ್ನು ನನ್ನ ಕೈಗಿಟ್ಟರು.

ಮುಂದಿನ ಬೇಸಿಗೆಯಲ್ಲಿ ಎದೆನೋವು ಬಂದು ಮುನಿರಾಜು ಹೋದ. ಮಣ್ಣಿಗೆ ಬಂದವರೆಲ್ಲ ಅವನನ್ನು ಗುಲಾಬಿ ಮುನಿರಾಜಣ್ಣ ಎಂದೇ ಬಲ್ಲವರು. ಎಲ್ಲ ಮುಗಿದು ಅವನ ಮನೆಗೆ ಮರಳಿದಾಗ ನೀಲಿ ಕೂದಲಿನ ಹುಡುಗಿ ಗೇಟಿನಾಚೆ ನಿಂತಿದ್ದಳು. ಒಳಗೆ ಕರೆತಂದೆ.

"ಯಾರವ್ವ ನೀನು?" ಎಂದರು ಅವನ ಹೆಂಡತಿ ಲಕ್ಷ್ಮಮ್ಮ.

"ನಾನು ಅವ್ರ ಹಾಡು ಕೇಳ್ತೀನಿ ಆಂಟಿ. ದಿನಾ."

"ನಂಗೆ ಒಂದಿನಾನೂ ಕೇಳಿಸ್ಲಿಲ್ಲ ಕಣವ್ವ. ಅದೆಲ್ಲ ಮದ್ವೆಗೆ ಮುಂಚಿಂದು, ಬುಡು ಅಂತಿದ್ರು. ಎಂಗದೆ?"

ಹುಡುಗಿ ಇಯರ್‌ಫೋನಿನ ಒಂದು ತುದಿಯನ್ನು ಲಕ್ಷ್ಮಮ್ಮನ ಕಿವಿಗಿಟ್ಟು, ಇನ್ನೊಂದನ್ನು ತಾನಿಟ್ಟುಕೊಂಡಳು. ಇಬ್ಬರೂ ಮೆಟ್ಟಿಲ ಮೇಲೆ ಒತ್ತಿಕೊಂಡು ಕೂತರು. ಲಕ್ಷ್ಮಮ್ಮ ಇಯರ್‌ಫೋನನ್ನು ಬೆರಳಿನಿಂದ ಕಿವಿಗೆ ಒತ್ತಿ ಹಿಡಿದುಕೊಂಡರು.

"ಅಯ್ಯೋ," ಎಂದರು ಕೊನೆಗೆ, "ಎಷ್ಟ್ ಚಿಕ್ಕೋರವ್ರೆ ಇದ್ರಲ್ಲಿ."

ಕೀಬೋರ್ಡ್ ನುಡಿಸಿದ್ದು ನಾನೇ ಎನ್ನಲು ಬಾಯಿ ತೆರೆದಿದ್ದೆ. ಪುಣ್ಯಕ್ಕೆ ಮುಚ್ಚಿಕೊಂಡೆ.