ಬೈದ ಮೇಲೆ ಕೇಳುವ ಹಾಡು

ಮೊನ್ನೆ ಹೊಳಲ್ಕೆರೆಯ ಲ್ಯಾಬಿನಲ್ಲಿ ರಕ್ತ ತೆಗೆಯುವ ಮುಂಚೆ ಅಲ್ಲಿನ ಹೆಣ್ಣುಮಗಳು ನನ್ನ ತೋಳಿಗೆ ಸ್ಪಿರಿಟ್ ಹಚ್ಚಿದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಕೈ ಹಿಂದಕ್ಕೆ ಎಳೆದುಕೊಂಡೆ.

"ಇನ್ನೂ ಚುಚ್ಚೇ ಇಲ್ಲ, ಆಗ್ಲೇ ಹಿಂಗಾಡಿದ್ರೆ ಹೆಂಗ್ರಿ?" ಎಂದು ಅವಳು ನಕ್ಕಳು.

ಸೂಜಿಯ ಭಯವಲ್ಲ ಅದು. ಇಪ್ಪತ್ತು ವರ್ಷ ನನಗೆ ಸ್ಪಿರಿಟ್ ಎಂದರೆ ಟೇಪ್ ರೆಕಾರ್ಡರ್ ಆಗಿತ್ತು. ಬೆಂಕಿಕಡ್ಡಿಯ ತುದಿಗೆ ಹತ್ತಿ ಸುತ್ತಿ, ಸ್ಪಿರಿಟ್ಟಿನಲ್ಲಿ ಅದ್ದಿ, ಟೇಪಿನ ಹೆಡ್ಡನ್ನು ಮಗುವಿನ ಕಿವಿ ಒರೆಸಿದಂತೆ ಒರೆಸುತ್ತಿದ್ದ ಒಂದು ಒರಟು ಕೈ... ಕಳೆದ ವರ್ಷದಿಂದ ಆ ವಾಸನೆಗೆ ಆಸ್ಪತ್ರೆಯೂ ಸೇರಿಕೊಂಡಿದೆ.

ಎಲ್ಲ ಎಂದಿನಂತಿದ್ದ ಕೊನೆಯ ದಿನ ಒಂದು ಭಾನುವಾರ. ಚಿಕ್ಕಜಾಜೂರಿನಲ್ಲಿ ಗೇಟಣ್ಣನ ಮನೆಯ ಜಗಲಿ. ಅವರು ರೈಲ್ವೆ ಗೇಟು ಹಾಕಿ ತೆಗೆಯುವ ಕೆಲಸದಲ್ಲೇ ಕೂದಲು ಬೆಳ್ಳಗಾಗಿಸಿಕೊಂಡು ನಿವೃತ್ತರಾಗಿದ್ದರು. ಮನೆಗೆ ಬಂದರೂ ಜನರ ಬಾಯಲ್ಲಿ ಗೇಟಣ್ಣನೇ. ಅಂದು ಜಗಲಿಯ ಮೇಲೆ ನಾವು ಮೂವರಿದ್ದೆವು. ಅವರು, ಹೊಳಲ್ಕೆರೆಯಲ್ಲಿ ಸೈಕಲ್ ಬಿಡಿಭಾಗ ಮಾರುವ ನಾನು, ಮತ್ತೆ ಹಿರಿಯೂರಿನಲ್ಲಿ ಫ್ಲೆಕ್ಸ್ ಪ್ರಿಂಟ್ ಮಾಡುವ ನಮ್ಮ ಗೆಳೆಯ. ಮೂವರನ್ನೂ ಸೇರಿಸಿದ್ದು ಒಂದು ಇಂಗ್ಲಿಷ್ ರಾಕ್ ಬ್ಯಾಂಡು. ಅದರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆಯುವಷ್ಟು ಪ್ರೀತಿ ಈಗ ಉಳಿದಿಲ್ಲ.

ಆ ಬ್ಯಾಂಡು ಗೇಟಣ್ಣನಿಗೆ ಸಿಕ್ಕಿದ್ದು ಹಳಿಯ ಪಕ್ಕದಲ್ಲಿ. ಯಾವುದೋ ರೈಲಿನ ಕಿಟಕಿಯಿಂದ ಬಿದ್ದಿದ್ದ ಕ್ಯಾಸೆಟ್ಟು, ಡಬ್ಬಿ ಸೀಳಿತ್ತು, ಜಲ್ಲಿಕಲ್ಲಿನ ದೂಳು ತುಂಬಿತ್ತು. ಒರೆಸಿ ಹಾಕಿ ಕೇಳಿದರಂತೆ. ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಸ್ಟೇಷನ್ನಿಗೆ ಫೋನಿನಲ್ಲಿ ಹೇಳಬೇಕಾದ ಅಂಕಿಗಳಷ್ಟೇ ಅವರ ಇಂಗ್ಲಿಷ್. ನಾನು ಮೊದಲ ಸಲ ಅವರ ಕ್ವಾರ್ಟರ್ಸಿನ ಮುಂದೆ ಲೂನಾ ನಿಲ್ಲಿಸಿ, ಇದೇನಣ್ಣ ಗಲಾಟೆ, ಎಂದು ಕೇಳಿದಾಗ ಅವರು ಹೇಳಿದ್ದು ನೆನಪಿದೆ.

"ಇವ್ರು ಹಾಡಲ್ಲ ಕಣಲೇ, ಬೈತಾರೆ. ಯಾರಿಗೋ ಸರಿಯಾಗಿ ಇಕ್ತಾ ಅವ್ರೆ. ಯಾರಿಗಾದ್ರೇನು, ಕೇಳಾಕೆ ಸುಖವಾಗೈತೆ."

ಅವರು ಸಿಹಿ ಮನುಷ್ಯರಲ್ಲ. ಇದನ್ನು ಈಗ ಎಲ್ಲರೂ ಮರೆಯುತ್ತಿದ್ದಾರೆ. ಗೇಟು ಹಾಕಿದಾಗ ಹಾರನ್ ಹೊಡೆಯುವವರನ್ನು ಬೈದು, ಮೇಲಿನವರನ್ನು ಬೈದು, ಮನೆಗೆ ಬಂದು ನಮ್ಮನ್ನು ಬೈಯುತ್ತಿದ್ದರು. ಬ್ಯಾಂಡಿನವರನ್ನಂತೂ ದಿನಾ ಬೈಯುತ್ತಿದ್ದರು. ಆ ಜಗಲಿಗೆ ಒಂದು ಪದ್ಧತಿಯೇ ಬೆಳೆದುಬಿಟ್ಟಿತ್ತು. ನಮ್ಮಲ್ಲಿ ಯಾರಾದರೂ ಎಲ್ಲಿಂದಲಾದರೂ ಕ್ಯಾಸೆಟ್ಟು ಹುಡುಕಿ ತಂದರೆ, ತಂದವನೇ ಮೊದಲು ಅದನ್ನು ಬೈಯಬೇಕು. ಏನೂ ಇಲ್ಲಣ್ಣ ಇದರಲ್ಲಿ, ದುಡ್ಡು ದಂಡ, ಎನ್ನಬೇಕು. ಆಗ ಗೇಟಣ್ಣ, "ನಿನಗೇನು ಗೊತ್ತಲೇ ಮಣ್ಣು, ಹಾಕು ಮೊದ್ಲು" ಎಂದು ಬೈದವನನ್ನೇ ಬೈಯಬೇಕು. ಆಮೇಲೇ ಹಾಡು. ಹೊಗಳಿ ಕೊಟ್ಟರೆ ಅವರು ಮುಟ್ಟುತ್ತಲೇ ಇರಲಿಲ್ಲ. ಹೊಗಳಿಕೆ ವ್ಯಾಪಾರದವರ ಮಾತು ಎನ್ನುತ್ತಿದ್ದರು. ಇಪ್ಪತ್ತು ವರ್ಷ ಹೀಗೇ ನಡೆಯಿತು. ನಾನು ಬೈದದ್ದನ್ನು ಅವರು ಒಂದು ಸಲವೂ ನಂಬಿರಲಿಲ್ಲ. ನಂಬಬಾರದೆಂದೇ ನಾನು ಬೈಯುತ್ತಿದ್ದುದು.

ಆ ಭಾನುವಾರದ ಸುದ್ದಿ ತಂದವನು ಹಿರಿಯೂರಿನವನು. ಬಹಳ ವರ್ಷ ಸುಮ್ಮನಿದ್ದ ಬ್ಯಾಂಡು ಬರುವ ಶುಕ್ರವಾರ ಒಂದು ಹೊಸ ಹಾಡು ಬಿಡುತ್ತದೆ, ಎರಡು ತಿಂಗಳಿಗೆ ಇಡೀ ಆಲ್ಬಮ್. ಮೊಬೈಲಿನಲ್ಲಿ ಫೋಟೋ ತೋರಿಸಿದ. ಹಾಡುವವನಿಗೆ ಎಪ್ಪತ್ತು ದಾಟಿತ್ತು, ಕತ್ತಿನ ಚರ್ಮ ಜೋತಿತ್ತು.

ಗೇಟಣ್ಣ ಹತ್ತಿ ಸುತ್ತಿದ ಕಡ್ಡಿಯನ್ನು ಕೈಯಲ್ಲೇ ಹಿಡಿದು ಬಹಳ ಹೊತ್ತು ಆ ಫೋಟೋ ನೋಡಿದರು. "ಮೆತ್ತಗಾಗಿರ್ತಾರೆ ಕಣಲೇ," ಎಂದರು. "ಈ ವಯಸ್ಸಿಗೆ ಎಲ್ರೂ ಮೆತ್ತಗಾಗ್ತಾರೆ. ದೇವ್ರ ಪದ ಹಾಡಿರ್ತಾರೆ ನೋಡು ಬೇಕಾರೆ."

ಅದು ಬೈಗುಳದ ದನಿಯಾಗಿರಲಿಲ್ಲ. ಅವರು ಹೆದರಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

"ಶುಕ್ರವಾರ ಬರ್ತೀವಿ, ಮೂವರೂ ಕೂತು ಕೇಳಾಣ," ಎಂದ ಹಿರಿಯೂರಿನವನು.

"ಒಂದು ಹಾಡು ನಾನು ಕೇಳಲ್ಲ. ಪೂರ್ತಿ ಬರ್ಲಿ. ಕೊನೇ ಬೋಗಿ ಬೋರ್ಡು ಕಾಣದೆ ಗೇಟು ತೆಗ್ದಿದ್ನೇನಲೇ ನಾನು ಯಾವತ್ತಾದ್ರೂ?"

ಗೇಟಿನ ಕೆಲಸದಲ್ಲಿ ಅದೊಂದು ನಿಯಮ. ರೈಲಿನ ಕೊನೆಯ ಬೋಗಿಯ ಹಿಂದೆ ಒಂದು ಬೋರ್ಡು ನೇತು ಹಾಕಿರುತ್ತಾರೆ. ಅದನ್ನು ಕಣ್ಣಾರೆ ಕಂಡರೆ ಮಾತ್ರ ರೈಲು ಪೂರ್ತಿ ದಾಟಿತು ಎಂದು ಅರ್ಥ. ಅದು ಕಾಣುವವರೆಗೆ ಯಾರು ಎಷ್ಟೇ ಹಾರನ್ ಹೊಡೆದರೂ ಗೇಟು ಎತ್ತುವಂತಿಲ್ಲ. ಆಲ್ಬಮ್ ಬಂದ ಮೇಲೆ ಮೊಬೈಲಿನಿಂದ ಕ್ಯಾಸೆಟ್ಟಿಗೆ ಇಳಿಸಿ, ಮೊದಲಿಂದ ಕೊನೆವರೆಗೆ ಒಂದೇ ಸಲಕ್ಕೆ ಕೇಳುವುದು ಎಂದು ತೀರ್ಮಾನವಾಯಿತು. ಅದಕ್ಕಾಗಿ ಒಂದು ಖಾಲಿ ಕ್ಯಾಸೆಟ್ಟನ್ನು, ಮೇಲಿನ ಪ್ಲಾಸ್ಟಿಕ್ ಕೂಡ ಬಿಚ್ಚದೆ, ಅವರು ಎಷ್ಟೋ ವರ್ಷದಿಂದ ಎತ್ತಿಟ್ಟಿದ್ದರು. ಅದನ್ನು ತಂದು ತೋರಿಸಿದರು. ಅತ್ತಿಗೆ, ಅಂದರೆ ಅವರ ಹೆಂಡತಿ, ಒಳಗಿಂದ ಚಹಾ ತಂದಿಟ್ಟು, "ನಾನು ಕೇಳಿದ್ರೆ ಅಟ್ಟದಾಗಿಂದ ಒಂದು ಡಬ್ಬಿ ಈಚೆ ಬರಲ್ಲ, ಇದು ಹೆಂಗೆ ಬಂತು ನೋಡ್ರಪ್ಪ," ಎಂದರು. ನಗುತ್ತಾ ಎದ್ದೆವು. ಅಷ್ಟೇ ಆ ದಿನ...

ಶುಕ್ರವಾರ ಹಾಡು ಬಂತು. ನನಗೆ ತಡೆಯಲಾಗಲಿಲ್ಲ. ಅಂಗಡಿಯ ಹಿಂದೆ, ಟೈರುಗಳ ನಡುವೆ ಕೂತು, ಕಿವಿಗೆ ಸಿಕ್ಕಿಸಿಕೊಂಡು ಕೇಳಿದೆ. ಅವರು ಮೆತ್ತಗಾಗಿರಲಿಲ್ಲ. ಆ ಮುದುಕನ ದನಿ ಒಡೆದಿತ್ತು, ಒಡೆದದ್ದನ್ನು ಮುಚ್ಚಿಕೊಳ್ಳದೆ ಹಾಗೇ ಬೈಯುತ್ತಿದ್ದ. ಮೊದಲಿಗಿಂತ ಹತ್ತಿರದಿಂದ ಬೈದಂತಿತ್ತು. ಗೇಟಣ್ಣ ಇದನ್ನು ಕೇಳಿದರೆ ಜಗಲಿಯ ಮೇಲೆ ಎದ್ದು ನಿಲ್ಲುತ್ತಾರೆ ಎಂದುಕೊಂಡೆ. ನಾನು ಕೇಳಿದ್ದನ್ನು ಅವರಿಗೆ ಹೇಳಲಿಲ್ಲ. ಆಲ್ಬಮ್ ಬಂದ ದಿನ ಅವರ ಮುಖ ನೋಡುವ ಆಸೆ.

ಮುಂದಿನ ವಾರವೇ ಅತ್ತಿಗೆಯ ಫೋನು. ಎದೆ ಹಿಡಿದುಕೊಂಡು ಕುಸಿದರಂತೆ, ದುರ್ಗದ ಆಸ್ಪತ್ರೆಗೆ ಸೇರಿಸಿದ್ದಾರೆ. ನಾನು ಹೋದಾಗ ಸಂಜೆ ಐದಿರಬಹುದು. ಕೈಗೆ ಸೂಜಿ, ಮೂಗಿಗೆ ಕೊಳವೆ. ವಾರ್ಡಿನ ತುಂಬ ಅದೇ ಸ್ಪಿರಿಟ್ ವಾಸನೆ. ನನ್ನನ್ನು ಕಂಡು ಹುಬ್ಬು ಏರಿಸಿದರು.

"ಅಂಗಡಿ ಯಾರು ನೋಡ್ಕಂತಾರಲೇ?"

"ಬಾಗಿಲು ಹಾಕಿ ಬಂದೆ ಅಣ್ಣ."

"ದಂಡದ ನನ್ಮಗ."

ಸ್ವಲ್ಪ ಸಮಾಧಾನವಾಯಿತು. ಬೈಯುತ್ತಿದ್ದಾರೆ ಎಂದರೆ ಪರವಾಗಿಲ್ಲ ಎಂದೇ ನಾನು ತಿಳಿದೆ. ಅತ್ತಿಗೆ ಔಷಧಿ ತರಲು ಕೆಳಗೆ ಹೋದರು. ಗೇಟಣ್ಣ ನನ್ನ ಅಂಗಿ ಜೇಬಿನಲ್ಲಿದ್ದ ಮೊಬೈಲಿನ ಕಡೆ ನೋಡಿದರು. ನೋಡಿ ಬೇರೆ ಕಡೆ ತಿರುಗಿದರು. ಆಮೇಲೆ ಮತ್ತೆ ನೋಡಿ ಕೇಳಿದರು.

"ಕೇಳ್ದೇನಲೇ? ಹೆಂಗೈತೆ?"

ಕೊನೆಯ ಬೋಗಿ ಕಾಣದೆ ಗೇಟು ಎತ್ತದವರು ಹಾಗೆ ಕೇಳಿದರು. ಹಾಕು ಎಂದು ಬಾಯಿಬಿಟ್ಟು ಹೇಳಲಿಲ್ಲ, ಆದರೆ ಆ ಕಣ್ಣಿನಲ್ಲಿ ಇದ್ದದ್ದು ಅದೇ. ನನಗೆ ಖುಷಿಯಾಯಿತು. ಅವರ ಪದ್ಧತಿಯಲ್ಲೇ, ಅವರ ಜಗಲಿಯಲ್ಲಿ ಕೂತವನಂತೆಯೇ ಉತ್ತರ ಕೊಟ್ಟೆ.

"ಏನಿಲ್ಲಣ್ಣ ಅದ್ರಾಗೆ. ಮೆತ್ತಗಾಗವ್ರೆ. ಮುದುಕ್ರು."

ಹೇಳಿ ಜೇಬಿಗೆ ಕೈ ಹಾಕಿದೆ. ನಿನಗೇನು ಗೊತ್ತಲೇ ಮಣ್ಣು, ಹಾಕು ಮೊದ್ಲು, ಎನ್ನುತ್ತಾರೆಂದು ಕಾದೆ. ಮೊಬೈಲು ಈಚೆಗೆ ತೆಗೆದೂ ಆಗಿತ್ತು.

ಅವರು ನನ್ನನ್ನು ನೋಡುತ್ತಿದ್ದರು. ನಂಬುತ್ತಿದ್ದರು. ಜಗಳಕ್ಕೆ ಬೇಕಾದ ಉಸಿರು ಅವರಲ್ಲಿರಲಿಲ್ಲ ಎಂಬುದು ನನ್ನ ದಡ್ಡ ತಲೆಗೆ ಹೊಳೆಯಲಿಲ್ಲ.

"ಹ್ಞೂಂ... ವಯಸ್ಸಾತಲ್ಲಪ್ಪ," ಎಂದರು. ಲೇ ಎನ್ನಲಿಲ್ಲ. "ಬಿಡು."

ಕಣ್ಣು ಮುಚ್ಚಿದರು. ಅಷ್ಟರಲ್ಲಿ ಅತ್ತಿಗೆ ಬಂದರು, ಹಿಂದೆಯೇ ಡಾಕ್ಟರು ಬಂದರು, ನನ್ನನ್ನು ಹೊರಗೆ ಕಳಿಸಿದರು. ಇಲ್ಲಣ್ಣ, ಸುಮ್ಮನೆ ಅಂದೆ, ಕೇಳಿ ನೋಡ್ರಿ, ಎಂಬ ನಾಲ್ಕು ಮಾತು ಹೇಳಲು ಎಷ್ಟು ಹೊತ್ತು ಬೇಕು? ನಾಳೆ ಹೇಳಿದರಾಯಿತು ಎಂದು ಹೊಳಲ್ಕೆರೆಯ ಬಸ್ಸು ಹತ್ತಿದೆ. ಮಾರನೆಯ ಬೆಳಿಗ್ಗೆ ಕಿವಿಗೆ ಹಾಕುವ ವೈರನ್ನು ಜೇಬಿನಲ್ಲಿ ಸುತ್ತಿಟ್ಟುಕೊಂಡು ದುರ್ಗದ ಬಸ್ಸಿನಲ್ಲಿ ಕೂತಿದ್ದಾಗ ಫೋನು ಬಂತು. ಮಾತಾಡಿದ್ದು ಅತ್ತಿಗೆಯಲ್ಲ, ಅವರ ತಮ್ಮ. ಅಷ್ಟರಿಂದಲೇ ಗೊತ್ತಾಯಿತು.

ಮಣ್ಣು ಮಾಡಿ ಬರುವಾಗ ಹಿರಿಯೂರಿನವನು ನನ್ನ ಹೆಗಲು ಹಿಡಿದು ಕೇಳಿದ. "ಆಸ್ಪತ್ರೇಲಿ ನೀನೇ ಇದ್ಯಲ್ಲ. ಹಾಡು ಕೇಳಿದ್ರಾ ಅಣ್ಣ?" ನಾನು ತಲೆಯಾಡಿಸಿದೆ. ಕೇಳಿದರು ಎಂಬಂತೆ. ಅವನು ಅಳುತ್ತಿದ್ದ.

ಆ ಒಂದು ತಲೆಯಾಟ ಈಗ ಎಲ್ಲೆಲ್ಲಿಗೋ ಹೋಗಿದೆ. ಹಿರಿಯೂರಿನವನು ಮೊಬೈಲಿನಲ್ಲಿ ಅಭಿಮಾನಿಗಳ ಗುಂಪು ಮಾಡಿದ್ದಾನೆ. ದುರ್ಗ, ಹೊಸದುರ್ಗ, ದಾವಣಗೆರೆ, ಎಲ್ಲೆಲ್ಲಿಂದಲೋ ಜನ ಸೇರಿದ್ದಾರೆ. ಆ ಬ್ಯಾಂಡಿನವರು ಎರಡು ತಿಂಗಳು ಎಂದವರು ಮುಂದೂಡಿ ಮುಂದೂಡಿ ವರ್ಷ ತುಂಬಿಸಿದರು. ಅವರಿಗೇನು, ಕಾಯುವವರು ಇದ್ದೇ ಇರುತ್ತಾರೆ. ಈಗ ಬರುವ ಶುಕ್ರವಾರ ಆಲ್ಬಮ್ ಬರುತ್ತದಂತೆ. ದಿನಾ ಬೆಳಿಗ್ಗೆ ಗುಂಪಿನಲ್ಲಿ ಇನ್ನು ಇಷ್ಟೇ ದಿನ ಎಂದು ಯಾರಾದರೊಬ್ಬರು ಹಾಕುತ್ತಾರೆ. ಅದರ ಕೆಳಗೆ ಬೆಂಕಿ, ಹೃದಯ, ಚಪ್ಪಾಳೆ. ಇನ್ನೂ ಕೇಳದ ಹಾಡುಗಳನ್ನು ಹೊಗಳುತ್ತಾರೆ. ಒಬ್ಬನೂ ಬೈಯುವುದಿಲ್ಲ. ಗೇಟಣ್ಣ ಇದ್ದಿದ್ದರೆ ಇವರನ್ನೆಲ್ಲ ಗೇಟಿನ ಆಚೆಯೇ ನಿಲ್ಲಿಸುತ್ತಿದ್ದರು.

ಅಂದು ಎಲ್ಲರೂ ಒಟ್ಟಿಗೆ ಕೂತು ಕೇಳಲು ದುರ್ಗದಲ್ಲಿ ಒಂದು ಹಾಲ್ ಹಿಡಿದಿದ್ದಾರೆ. ಬಾಗಿಲಿಗೆ ಗೇಟಣ್ಣನ ದೊಡ್ಡ ಫ್ಲೆಕ್ಸು. ಹತ್ತು ದಿನದ ಹಿಂದೆ ಹಿರಿಯೂರಿನವನು ಅದರ ನಮೂನೆ ಕಳಿಸಿದ್ದ. ಅಣ್ಣನ ಹಿಂದೆ ಬೆಂಕಿಯ ಚಿತ್ರ, ಬಿಸಿಲಿಗೆ ಸುಟ್ಟ ಅವರ ಮುಖವನ್ನು ಬೆಳ್ಳಗೆ ಮಾಡಿದ್ದಾನೆ, ಅವರು ಯಾವತ್ತೂ ನಗದ ಹಾಗೆ ನಗಿಸಿದ್ದಾನೆ. ಕೊನೆಯುಸಿರಿನವರೆಗೂ ಹಾಡು ಕೇಳಿದ ನಮ್ಮ ಅಣ್ಣ, ಎಂದು ಕೆಳಗೆ ಬರೆದಿದ್ದಾನೆ. ಅದರ ಕೆಳಗೆ ನಾಲ್ಕು ಸಾಲು ಜಾಗ ಖಾಲಿ.

ಫೋನು ಮಾಡಿ, "ಅಲ್ಲಿಗೆ ನೀನು ಬರಕೊಡಪ್ಪ. ಹೊಸ ಹಾಡು ಕೇಳಿ ಅಣ್ಣ ಏನಂದ್ರು ಅಂತ. ನಿನ್ ಬಿಟ್ರೆ ಯಾರಿಗೂ ಗೊತ್ತಿಲ್ಲ," ಎಂದ.

"ನನ್ನ ಕೈಲಾಗಲ್ಲ."

"ಅಣ್ಣ ಸತ್ರೂ ನಿನ್ನ ಕೊಂಕು ಸಾಯ್ಲಿಲ್ಲ ನೋಡು. ನಾಲ್ಕು ಸಾಲಿಗೆ ಏನು ಕೇಡಲೇ ನಿಂಗೆ?"

ಫೋನು ಇಟ್ಟುಬಿಟ್ಟೆ. ಒಂದು ವಾರ ಅವನ ಮೇಲೆ ಸಿಟ್ಟು ಮಾಡಿಕೊಂಡೇ ಇದ್ದೆ. ಆ ಗುಂಪಿನವರ ಮೇಲೆ, ಎಲ್ಲೋ ಕೂತು ತಮಗೆ ಬೇಕಾದಾಗ ಹಾಡು ಬಿಡುವ ಆ ಮುದುಕರ ಮೇಲೆ. ಲ್ಯಾಬಿನಲ್ಲಿ ಸ್ಪಿರಿಟ್ ವಾಸನೆ ಬಡಿದ ಮೇಲೆ ಅದು ಯಾರ ಮೇಲೂ ನಿಲ್ಲುತ್ತಿಲ್ಲ, ಸುತ್ತಿ ಬಂದು ನನ್ನ ಮೇಲೇ ಕೂರುತ್ತಿದೆ.

ಆ ಖಾಲಿ ಕ್ಯಾಸೆಟ್ಟು ನನ್ನ ಅಂಗಡಿಯ ಗಲ್ಲಾ ಪೆಟ್ಟಿಗೆಯ ಪಕ್ಕದಲ್ಲಿದೆ. ತಿಥಿಯ ದಿನ ಅತ್ತಿಗೆ ಕೊಟ್ಟರು. ಪ್ಲಾಸ್ಟಿಕ್ ಹಾಗೇ ಇದೆ. ಶುಕ್ರವಾರ ಇಡೀ ಆಲ್ಬಮ್ ಬರುತ್ತದೆ, ಕೊನೆಯ ಹಾಡಿನವರೆಗೂ ಬರುತ್ತದೆ. ನಾನು ಹಾಲ್‌ಗೆ ಹೋಗುವುದಿಲ್ಲ. ನಾಲ್ಕು ಸಾಲು ಕೇಳಿದ್ದ ಗೆಳೆಯನಿಗೆ ಇಷ್ಟುದ್ದ ಬರೆದು ಕಳಿಸುತ್ತಿದ್ದೇನೆ. ಅತ್ತಿಗೆಗೂ ಓದಿ ಹೇಳುತ್ತೇನೆ. ಫ್ಲೆಕ್ಸಿನ ಆ ಕೊನೆಯುಸಿರಿನ ಸಾಲನ್ನು ಅವನು ಅಳಿಸಲಿ.

ಹೊಸ ಹಾಡು ಕೇಳಿ ಅಣ್ಣ ಏನೂ ಅನ್ನಲಿಲ್ಲ. ಅವರು ಅದನ್ನು ಕೇಳಲಿಲ್ಲ.