ನಲವತ್ತೆರಡನೇ ತಪ್ಪು

ಎನಲೇಸಿ ಗಾತ್ರದ ಹೆಂಗಸು. ಹೆರಿಗೆ ವಾರ್ಡಿನ ಓಣಿಯಲ್ಲಿ ಅವಳು ಬಂದಳೆಂದರೆ ಎದುರಿನ ತಳ್ಳುಗಾಡಿ ಗೋಡೆಗೆ ಒತ್ತಿಕೊಂಡು ದಾರಿ ಬಿಡಬೇಕು. “ಲಿಲೊಂಗ್ವೆ ಬಸ್ಸು ಬಂತು, ಪಕ್ಕಕ್ಕೆ ಸರೀರಿ” ಎಂದು ನೆಲ ಒರೆಸುವವರು ಅವಳ ಕಿವಿಗೆ ಬೀಳುವ ಹಾಗೆಯೇ ಹೇಳುತ್ತಾರೆ. “ಟಿಕೆಟ್ ತಗೊಂಡಿದ್ದೀರಾ?” ಎಂದು ಅವಳೂ ಬಿಡುವುದಿಲ್ಲ. ಬೆಟ್ಟದ ಕೆಳಗಿನ ನಮ್ಮ ಆಸ್ಪತ್ರೆಯಲ್ಲಿ ಮುಖ್ಯ ನರ್ಸ್ ಜೊತೆ ಹೀಗೆ ಮಾತಾಡುವ ಕಾಲ ಬರುತ್ತದೆಂದು ಮೂರು ವರ್ಷದ ಹಿಂದೆ ಯಾರಾದರೂ ಹೇಳಿದ್ದರೆ ನಾವು ನಂಬುತ್ತಿರಲಿಲ್ಲ.

ಆಗ ಇದ್ದವಳು ವೆಲೆನಾಸಿ. ಕೆಲಸದಲ್ಲಿ ಗಟ್ಟಿಗಿತ್ತಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಬಾಯಿ ಬೆಂಕಿ. ನಮ್ಮ ಕಡೆ ಕಿರಿಯರು ಹಿರಿಯರೊಡನೆ ಮೊಣಕಾಲೂರಿ ಮಾತಾಡುವುದು ಮರ್ಯಾದೆ. ವೆಲೆನಾಸಿ ಆ ಮರ್ಯಾದೆಯನ್ನೇ ಬೆತ್ತ ಮಾಡಿಕೊಂಡಿದ್ದಳು. ತಪ್ಪು ಮಾಡಿದ ಹುಡುಗಿ ಬೆಳಗಿನ ವರದಿ ಮುಗಿಯುವ ತನಕ ಎಲ್ಲರ ನಡುವೆ ಸಿಮೆಂಟ್ ನೆಲದ ಮೇಲೆ ಮೊಣಕಾಲೂರಿಕೊಂಡೇ ಇರಬೇಕು. ಎನಲೇಸಿ ಹೊಸದಾಗಿ ಸೇರಿದ ವರ್ಷ ನಾಲ್ಕನೇ ಮಂಚದ ಬಾಣಂತಿ ಜೆನಿಫಾಲಾಳನ್ನು ಹೊತ್ತಿಗೆ ಸರಿಯಾಗಿ ನೋಡುವುದನ್ನು ಮರೆತಳು. ನೆನಪಾಗಿ ಓಡಿದಾಗ ಹಾಸಿಗೆ ರಕ್ತದಲ್ಲಿ ತೊಯ್ದಿತ್ತು. ಕೂಗಬೇಕಿತ್ತು. ಕೂಗಿದರೆ ನಾಳೆ ಬೆಳಿಗ್ಗೆ ಮೊಣಕಾಲು. ಅವಳು ಮೊದಲು ಹಾಸಿಗೆಯ ಬಟ್ಟೆ ಬದಲಾಯಿಸಿದಳು, ಆಮೇಲೆ ಕೂಗಿದಳು. ಆ ಕಾಲು ಗಂಟೆ ಜೆನಿಫಾಲಾಗೆ ಬೇಕಾಗಿತ್ತು. ಅವಳು ಉಳಿಯಲಿಲ್ಲ. ಎನಲೇಸಿಯನ್ನು ಯಾರೂ ಏನೂ ಕೇಳಲಿಲ್ಲ, ಆ ಕೇಳದೇ ಇದ್ದದ್ದೇ ಅವಳನ್ನು ಇಪ್ಪತ್ತು ವರ್ಷ ಒಳಗೊಳಗೇ ತಿಂದಿತು.

ವೆಲೆನಾಸಿ ನಿವೃತ್ತಳಾಗಿ ಎನಲೇಸಿ ಆ ಜಾಗಕ್ಕೆ ಬಂದ ದಿನವೇ ಒಂದು ನೋಟ್‌ಪುಸ್ತಕ, ಒಂದು ಮರದ ಕುರ್ಚಿ ತರಿಸಿದಳು.

“ಇನ್ನು ಮೇಲೆ ಈ ವಾರ್ಡಲ್ಲಿ ತಪ್ಪು ಹೇಳೋರು ಮೊಣಕಾಲೂರೋ ಹಾಗಿಲ್ಲ. ಈ ಕುರ್ಚಿ ಮೇಲೆ ಕೂತು ಹೇಳಬೇಕು. ನಾವು ನಿಂತು ಕೇಳ್ತೀವಿ” ಎಂದಳು.

ಹಳಬರು ಮುಖ ಮುಖ ನೋಡಿಕೊಂಡರು. ಅವಳೇ ಮೊದಲು ಕೂತು ಜೆನಿಫಾಲಾಳ ಕಥೆ ಹೇಳಿದಳು, ಮೊದಲ ಪುಟದಲ್ಲಿ ಬರೆದಳು, ಎಲ್ಲರೆದುರು ಗೊಳೋ ಎಂದು ಅತ್ತಳು. ಮೂರು ವಾರ ಒಂದು ನರಪಿಳ್ಳೆಯೂ ಆ ಕುರ್ಚಿಯ ಹತ್ತಿರ ಸುಳಿಯಲಿಲ್ಲ. ನಾಲ್ಕನೇ ವಾರ ಒಬ್ಬಳು ಅಳುಕುತ್ತಾ ಬಂದು ಕೂತು, ಒಬ್ಬರ ಮಾತ್ರೆಯನ್ನು ಇನ್ನೊಬ್ಬರಿಗೆ ಕೊಟ್ಟೆ ಅಂದಳು. ಎನಲೇಸಿ ಅವಳ ಕೈಗೆ ಒಂದು ಲೋಟ ಥೋಬ್ವಾ, ಅದೇ ಜೋಳದ ಸಿಹಿ ಗಂಜಿ, ಕೊಟ್ಟು “ಹೇಳಿದ್ದು ಒಳ್ಳೇದಾಯ್ತು. ಈಗ ಏನು ಮಾಡೋಣ?” ಎಂದಳು. ಅಷ್ಟೇ. ಬೈಗುಳ ಬರುತ್ತದೆಂದು ಕಾದಿದ್ದವರಿಗೆ ಒಂಥರಾ ನಿರಾಸೆಯೇ ಆಯಿತು.

ಎರಡು ವರ್ಷದಲ್ಲಿ ಪುಸ್ತಕದಲ್ಲಿ ನಲವತ್ತೊಂದು ತಪ್ಪುಗಳಾದವು. ಅದೇ ಎರಡು ವರ್ಷದಲ್ಲಿ ರಕ್ತ ಹರಿದು ಸತ್ತ ಬಾಣಂತಿ ಒಬ್ಬಳೂ ಇಲ್ಲ. ಆದರೆ ಜಿಲ್ಲಾ ಆರೋಗ್ಯ ಕಚೇರಿಗೆ ಕಂಡದ್ದು ನಲವತ್ತೊಂದು ಮಾತ್ರ. ಬೇರೆ ವಾರ್ಡುಗಳ ವರದಿಯಲ್ಲಿ ತಪ್ಪಿನ ಸಾಲು ಬೆಳ್ಳಗೆ ಖಾಲಿ ಇರುತ್ತಿತ್ತು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಕಚೇರಿಯವರಿಗೆ ಹೇಳುವವರು ಯಾರು? ಎನಲೇಸಿಗೆ ಶಿಸ್ತು ಬರುವುದಿಲ್ಲ, ಹುಡುಗಿಯರನ್ನು ತಲೆ ಮೇಲೆ ಕೂರಿಸಿಕೊಂಡಿದ್ದಾಳೆ ಎಂಬ ಮಾತು ಹಬ್ಬಿತು. ಜಿಲ್ಲಾ ಆರೋಗ್ಯಾಧಿಕಾರಿ ಚಿಪೇತಾ ಅವಳ ವರ್ಗಾವಣೆಯ ಕಾಗದ ಜೇಬಿನಲ್ಲಿಟ್ಟುಕೊಂಡೇ ಬರುತ್ತಿದ್ದಾನೆ ಎಂಬ ಸುದ್ದಿಯೂ ಬಂತು. ಅವಳನ್ನು ಎತ್ತಂಗಡಿ ಮಾಡಿದರೆ ಪುಸ್ತಕ ಒಲೆಗೆ, ಮೊಣಕಾಲುಗಳು ಮತ್ತೆ ಸಿಮೆಂಟಿಗೆ. ಎನಲೇಸಿಗೆ ಇದು ಗೊತ್ತಿತ್ತು.

ಮಂಗಳವಾರ ಬೆಳಿಗ್ಗೆ ಒಂಬತ್ತೂವರೆಗೆ ಚಿಪೇತಾ ಅವಳ ಕೋಣೆಗೆ ಬಂದ. ಬಂದವನು ಹುಡುಕಾಡದೆ ಆ ಮರದ ಕುರ್ಚಿಯ ಮೇಲೆಯೇ ಕುಳಿತ.

“ಸಿಸ್ಟರ್, ನಾನು ಹೇಳೋದು ಇಷ್ಟೆ. ಗಂಡಸರ ವಾರ್ಡಲ್ಲಿ ಸೊನ್ನೆ. ಮಕ್ಕಳ ವಾರ್ಡಲ್ಲಿ ಸೊನ್ನೆ. ನಿಮ್ಮಲ್ಲಿ ನಲವತ್ತೊಂದು. ಇದನ್ನ ನಾನು ಮೇಲಿನವರಿಗೆ ಹೇಗೆ ತೋರಿಸ್ಲಿ?”

“ಪುಸ್ತಕ ಓದಿದ್ರಾ ಬ್ವಾನಾ?” ಎಂದಳು ಎನಲೇಸಿ. ನಮ್ಮಲ್ಲಿ ಸಾಹೇಬರನ್ನು ಕರೆಯುವುದೇ ಹಾಗೆ.

“ಸಂಖ್ಯೆ ಮುಂದೇನೇ ಇದೆಯಲ್ಲ, ಓದೋದೇನು.”

ಎನಲೇಸಿ ಉತ್ತರ ಕೊಡುವ ಮೊದಲೇ ಬಾಗಿಲಲ್ಲಿ ಜಿಯೋನೆ ಬಂದು ನಿಂತಳು. ಕೆಲಸಕ್ಕೆ ಸೇರಿ ನಾಲ್ಕು ತಿಂಗಳ ಹುಡುಗಿ, ಇನ್ನೂ ಕಾಯಂ ಆಗಿಲ್ಲ. ಅವಳ ಮುಖ ಬೂದಿಯಾಗಿತ್ತು. ಅಧಿಕಾರಿಯನ್ನು ಕಂಡು ಅವಳು ಹಿಂದೆ ಸರಿಯಲು ನೋಡಿದ್ದು, ಸರಿಯದೆ ಅಲ್ಲೇ ಕಚ್ಚಿಕೊಂಡು ನಿಂತದ್ದು, ಎರಡನ್ನೂ ಎನಲೇಸಿ ಗಮನಿಸಿದಳು.

“ಸಿಸ್ಟರ್, ಕುರ್ಚಿ ಬೇಕಿತ್ತು” ಎಂದಳು ಜಿಯೋನೆ.

ಎನಲೇಸಿ ಚಿಪೇತಾನ ಜೇಬಿನ ಕಡೆ ಕಣ್ಣು ಹಾಯಿಸಿದಳು. ಇವತ್ತೇ, ಈ ಗಳಿಗೆಯಲ್ಲೇ. ಆಮೇಲೆ ಹೇಳು ಅಂದಿದ್ದರೆ ಆಗುತ್ತಿತ್ತು. ಹಾಸಿಗೆಯ ಬಟ್ಟೆ ಬದಲಾಯಿಸಿದ ಹಾಗೆಯೇ ಅದೂ ಆಗುತ್ತಿತ್ತು. ಅವಳು ಅಧಿಕಾರಿಯ ಕಡೆ ತಿರುಗಿದಳು.

“ಬ್ವಾನಾ, ಸ್ವಲ್ಪ ಏಳ್ತೀರಾ? ಇವಳು ಕೂರಬೇಕು.”

ಚಿಪೇತಾನ ಜೀವಮಾನದಲ್ಲಿ ಯಾರೂ ಅವನಿಗೆ ಈ ಮಾತು ಹೇಳಿರಲಿಲ್ಲ. ಸಿಟ್ಟು ಮಾಡಿಕೊಳ್ಳಬೇಕೆಂದು ಹೊಳೆಯುವಷ್ಟರಲ್ಲಿ ಅವನು ಎದ್ದಾಗಿತ್ತು.

ಜಿಯೋನೆ ಕೂತು ಹೇಳಿದಳು. ನಿನ್ನೆ ಮಧ್ಯಾಹ್ನ ಫಲೇಸಿ, ಲಿಟ್ನೆಸ್ ಇಬ್ಬರಿಗೂ ಹತ್ತು ನಿಮಿಷದ ಅಂತರದಲ್ಲಿ ಗಂಡುಮಕ್ಕಳು ಹುಟ್ಟಿದ್ದವು. ಕಾಲಿಗೆ ಅಂಟಿಸುವ ಹೆಸರಿನ ಪಟ್ಟಿ ಮುಗಿದು ವಾರವಾಗಿತ್ತು. ಮಕ್ಕಳನ್ನು ತೂಗಿ, ಅವರವರ ತಾಯಿ ತಂದ ಚಿತೆಂಜೆಯಲ್ಲಿ ಸುತ್ತಿ, ಬೆಚ್ಚಗಿನ ಮೇಜಿನ ಮೇಲೆ ಪಕ್ಕಪಕ್ಕ ಮಲಗಿಸಿದ್ದರು. ನಮ್ಮಲ್ಲಿ ಮಗುವನ್ನು ಗುರುತಿಸುವುದೇ ಆ ಸೀರೆಯಂಥ ಬಣ್ಣದ ಬಟ್ಟೆಯಿಂದ. ಒಬ್ಬಳ ಚಿತೆಂಜೆಯ ಹಾಗೆ ಇನ್ನೊಬ್ಬಳದು ಇರುವುದಿಲ್ಲ. ನೀಲಿ ಹೂವಿನ ಬಟ್ಟೆ ಫಲೇಸಿಯದು ಎಂದು ಜಿಯೋನೆ ಒಂದು ಮಗುವನ್ನು ಎತ್ತಿ ಅವಳಿಗೆ ಕೊಟ್ಟಿದ್ದಳು, ಉಳಿದದ್ದನ್ನು ಬಟ್ಟೆ ನೋಡದೆಯೇ ಲಿಟ್ನೆಸ್‌ಗೆ.

“ಈಗ ಲಿಟ್ನೆಸ್ ಹಾಸಿಗೆ ಸರಿ ಮಾಡ್ತಾ ಇದ್ದೆ. ಅವಳದ್ದೂ ಅದೇ ನೀಲಿ ಹೂವು ಸಿಸ್ಟರ್. ಇಬ್ಬರೂ ಒಂದೇ ಚರ್ಚು. ಐವತ್ತನೇ ವರ್ಷಕ್ಕೆ ಅಂತ ಮಹಿಳಾ ಸಂಘದವರೆಲ್ಲ ಒಂದೇ ಥರ ಅಚ್ಚು ಹಾಕಿಸಿದ್ದಾರೆ. ಬೆಳಿಗ್ಗೆ ಫಲೇಸಿ ಮಗೂನ ತೂಗಿದಾಗ ಎರಡು ಕೇಜಿ ಎಂಟುನೂರು ಬಂತು. ತೂಕದ ಪುಸ್ತಕದಲ್ಲಿ ಹುಟ್ಟಿದಾಗಿನದು ಮೂರು ಕೇಜಿ ನಾನೂರು ಇದೆ. ತಕ್ಕಡಿ ಕೆಟ್ಟಿದೆ ಅಂದ್ಕೊಂಡು ಮನೆಗೆ ಕಳಿಸಿಬಿಟ್ಟೆ. ಲಿಟ್ನೆಸ್ ಮಗೂನ ಈಗ ತೂಗಿದೆ. ಮೂರು ಮುನ್ನೂರು. ಹುಟ್ಟಿದಾಗ ಬರೆದಿದ್ದು ಎರಡು ಒಂಬೈನೂರು.” ಅವಳ ದನಿ ಒಡೆಯಿತು. “ಫಲೇಸಿ ಹೊರಟು ಅರ್ಧ ಗಂಟೆ ಆಯ್ತು.”

ಚಿಪೇತಾ ಬಾಯಿ ತೆರೆದ. ಎನಲೇಸಿ ಅವನ ಕಡೆ ನೋಡಲೂ ಇಲ್ಲ.

“ಹೇಳಿದ್ದು ಒಳ್ಳೇದಾಯ್ತು” ಎಂದಳು. “ಈಗ ಏನು ಮಾಡೋಣ?”

“ಲಿಟ್ನೆಸ್ ಜೊತೆ ಒಬ್ಬರು ಇರಬೇಕು. ಲ್ಯಾಬಿನವರಿಗೆ ರಕ್ತದ ಗುಂಪು ನೋಡೋಕೆ ಹೇಳಬೇಕು. ಒಬ್ಬರು ಹೋಗಿ ಫಲೇಸೀನ ಕರ್ಕೊಂಡು ಬರಬೇಕು” ಎಂದಳು ಜಿಯೋನೆ, ಕಣ್ಣೊರೆಸಿಕೊಳ್ಳುತ್ತಾ.

“ಮೊದಲೆರಡು ನಿನ್ನದು. ಮೂರನೇದು ನನ್ನದು.”

ಆಂಬುಲೆನ್ಸಿಗೆ ಡೀಸೆಲ್ ಇರಲಿಲ್ಲ. ಇದ್ದ ದಿನ ನಾವು ಹಬ್ಬ ಮಾಡುತ್ತೇವೆ. ಗೇಟಿನಲ್ಲಿ ಬಾಡಿಗೆ ಸೈಕಲ್ಲಿನವನು ಎನಲೇಸಿಯನ್ನು ಮೇಲಿಂದ ಕೆಳಗೆ ನೋಡಿದ.

“ಸಿಸ್ಟರ್, ಇಳಿಜಾರಲ್ಲಿ ಪರವಾಗಿಲ್ಲ. ಏರಲ್ಲಿ ನೀವು ಇಳೀಬೇಕು.”

“ಇಳೀತೀನಿ, ಬೇಕಾದ್ರೆ ನಿನ್ನನ್ನೂ ಸೇರಿಸಿ ತಳ್ತೀನಿ. ಮೊದಲು ತುಳಿ.”

ಮಾರುಕಟ್ಟೆಯ ಆಚೆ, ಗೆಣಸು ಮಾರುವ ಮಾವಿನ ಮರದಡಿ ಅವರು ಸಿಕ್ಕರು. ಫಲೇಸಿ ಮಗುವಿಗೆ ಹಾಲೂಡುತ್ತಿದ್ದಳು. ಪಕ್ಕದಲ್ಲಿ ಅವಳ ಅತ್ತೆ, ಒಣಗಿದ ಕಡ್ಡಿಯಂಥ ಮುದುಕಿ, ಗೆಣಸಿಗೆ ಚೌಕಾಸಿ ನಡೆಸಿದ್ದಳು. ಎನಲೇಸಿ ಸೈಕಲ್ಲಿನಿಂದ ಇಳಿದು, ಬಿಳಿ ಸಮವಸ್ತ್ರದಲ್ಲೇ ಕೆಂಪು ಮಣ್ಣಿನ ಮೇಲೆ ಮುದುಕಿಯ ಮುಂದೆ ಮೊಣಕಾಲೂರಿದಳು.

“ಅಗೋಗೋ, ಅಜ್ಜೀ, ನಮ್ಮ ವಾರ್ಡ್ ತಪ್ಪು ಮಾಡಿದೆ. ಈ ಮಗು ಅದಲುಬದಲಾಗಿದೆ ಅಂತ ಕಾಣತ್ತೆ. ನಿಮ್ಮ ಮೊಮ್ಮಗ ಅಲ್ಲಿ ಚೆನ್ನಾಗಿದ್ದಾನೆ. ದಯವಿಟ್ಟು ವಾಪಸ್ ಬನ್ನಿ.”

ಫಲೇಸಿ ಮಗುವನ್ನು ಅವುಚಿಕೊಂಡಳು. “ಇಲ್ಲ ಸಿಸ್ಟರ್. ನನ್ನ ಹಾಲು ಕುಡಿದಿದ್ದಾನೆ.”

ಮುದುಕಿ ಕೋಲನ್ನು ನೆಲಕ್ಕೆ ಕುಟ್ಟಿದಳು. “ಯಾವಳು ಅವಳು? ಹೆಸರು ಹೇಳು.”

“ವಾರ್ಡು ನನ್ನದು ಅಗೋಗೋ. ಹೆಸರು ಬೇಕಿದ್ರೆ, ಎನಲೇಸಿ.”

ಮುದುಕಿ ಕೈಯಲ್ಲಿದ್ದ ಗೆಣಸನ್ನು ರಾಶಿಗೇ ವಾಪಸ್ ಹಾಕಿದಳು. “ನೀನು ಬರದೇ ಇದ್ದಿದ್ರೆ ನಮಗೆ ಗೊತ್ತಾಗ್ತಿತ್ತಾ?”

“ಇಲ್ಲ.”

“ಹಾಗಾದ್ರೆ ಏಳು. ಬಿಳೀ ಬಟ್ಟೆ, ಕಲೆ ಹೋಗಲ್ಲ” ಎಂದು ಮುದುಕಿ ತಾನೇ ಕೈ ಕೊಟ್ಟು ಎಬ್ಬಿಸಲು ನೋಡಿದಳು. ಆ ಕೈಯಿಂದ ಅದು ಆಗುವ ಕೆಲಸವಾಗಿರಲಿಲ್ಲ, ಸೈಕಲ್ಲಿನವನೂ ಬಂದು ಹಿಡಿಯಬೇಕಾಯಿತು.

ಲ್ಯಾಬಿನ ಉತ್ತರ ಸ್ಪಷ್ಟವಾಗಿತ್ತು, ತಕ್ಕಡಿ ಹೇಳಿದ್ದೇ ನಿಜ. ಲಿಟ್ನೆಸ್‌ಗೆ ಜಿಯೋನೆ ಅಷ್ಟರಲ್ಲಿ ಎಲ್ಲವನ್ನೂ ಹೇಳಿ, ಅವಳ ಕೈಯಿಂದ ಒಂದು ಏಟನ್ನೂ ತಿಂದಿದ್ದಳು. ಇಬ್ಬರು ತಾಯಂದಿರು ಎದುರುಬದುರು ಕೂತು ಮಕ್ಕಳನ್ನು ಬದಲಾಯಿಸಿಕೊಂಡರು. ಫಲೇಸಿ ಅಳುತ್ತಲೇ, “ಒಂದು ದಿನ ಹಾಲು ಕೊಟ್ಟಿದ್ದೀನಿ. ಅವನಿಗೆ ಮದುವೆ ಮಾಡುವಾಗ ನನ್ನನ್ನ ಕೇಳಬೇಕು” ಎಂದಳು. ಲಿಟ್ನೆಸ್, “ಕೇಳ್ತೀನಿ, ಮದುವೆ ಮಾತಿಗೆ ತರೋ ಕೋಳಿ ನಿನ್ನದೇ” ಎಂದಳು. ಆಗ ಮುದುಕಿ ನಾಲಿಗೆ ಅಲ್ಲಾಡಿಸಿ ಸಂಭ್ರಮದ ಉಲುಲು ಕೂಗು ಹಾಕಿದಳು ನೋಡಿ, ವಾರ್ಡಿನ ಅಷ್ಟೂ ಹೆಂಗಸರು ದನಿಗೂಡಿಸಿದರು. ಹೆರಿಗೆ ನೋವಿನಲ್ಲಿದ್ದವಳೂ ಒಂದು ಸಲ ಹಾಕಿ ಮತ್ತೆ ನರಳಿದಳು.

ಎನಲೇಸಿ ತನ್ನ ಕೋಣೆಗೆ ಬಂದಾಗ ಚಿಪೇತಾ ಇನ್ನೂ ಅಲ್ಲೇ ಇದ್ದ. ಮೇಜಿನ ಮೇಲೆ ಪುಸ್ತಕ ತೆರೆದಿತ್ತು. ನಲವತ್ತೆರಡನೆಯದನ್ನು ಜಿಯೋನೆ ಆಗಲೇ ಬರೆದಿದ್ದಳು, ಕೆಳಗೆ ತನ್ನ ಹೆಸರು ಹಾಕಿದ್ದಳು. ಅವನು ಅಲ್ಲಿಂದ ಹಿಂದಕ್ಕೆ ಓದುತ್ತಾ ಓದುತ್ತಾ ಮೊದಲ ಪುಟಕ್ಕೆ, ಜೆನಿಫಾಲಾಳ ಹತ್ತಿರ ಬಂದು ನಿಂತಿದ್ದ.

“ಇದು ಇಪ್ಪತ್ತೆರಡು ವರ್ಷದ ಹಿಂದಿನದು” ಎಂದ.

“ಹೌದು ಬ್ವಾನಾ. ಆಗ ಹೇಳೋಕೆ ಕುರ್ಚಿ ಇರ್ಲಿಲ್ಲ.”

ಅವನು ತಲೆ ತಗ್ಗಿಸಿದ. ಆ ಸೊನ್ನೆಯ ವಾರ್ಡುಗಳಲ್ಲಿ ಎಷ್ಟು ಹಾಸಿಗೆಗಳ ಬಟ್ಟೆ ಬದಲಾಗಿದೆಯೋ ಎಂದು ಅವನು ಯೋಚಿಸುತ್ತಿದ್ದಾನೆಂದು ಎನಲೇಸಿಗೆ ಅನ್ನಿಸಿತು, ಪಾಪ ಎನಿಸಿತು. ಬೆಳಿಗ್ಗೆ ಎದ್ದು ಬಿಟ್ಟುಕೊಟ್ಟಿದ್ದ ಅದೇ ಕುರ್ಚಿಯನ್ನು ಅವನು ಎಳೆದುಕೊಂಡು ಕೂತ. ಜೇಬಿನಿಂದ ಮಡಿಸಿದ ಕಾಗದ ತೆಗೆದು ನಾಲ್ಕು ಚೂರು ಮಾಡಿ ಬುಟ್ಟಿಗೆ ಹಾಕಿದ. ಪೆನ್ನು ಕೇಳಿ ತೆಗೆದುಕೊಂಡು ಬರೆದ. ನಲವತ್ಮೂರು, ಜಿಲ್ಲಾ ಆರೋಗ್ಯಾಧಿಕಾರಿ ಚಿಪೇತಾ: ಎಣಿಸಿದೆ, ಓದಲಿಲ್ಲ.

ಎನಲೇಸಿ ಮೂಲೆಯ ಮಡಕೆಯಿಂದ ಒಂದು ಲೋಟ ಥೋಬ್ವಾ ಬಗ್ಗಿಸಿ ಅವನ ಕೈಗಿಟ್ಟಳು. ಕುರ್ಚಿಯಲ್ಲಿ ಕೂತವನ ಎದುರು, ತನ್ನದೇ ನಿಯಮದಂತೆ, ನಿಂತುಕೊಂಡಳು.

“ಹೇಳಿದ್ದು ಒಳ್ಳೇದಾಯ್ತು ಬ್ವಾನಾ” ಎಂದಳು. “ಈಗ ಏನು ಮಾಡೋಣ?”