ಗುಡಾರಕ್ಕೆ ಬಂದ ಮೂವರು

ತೊಂಬತ್ತರ ದಶಕದಲ್ಲಿ ನಾನು ಮೆಟ್ಟೂರಿನ ಕೆಮಿಕಲ್ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದೆ. ಕ್ರೈಸ್ತರ ಭಾನುವಾರದ ಪ್ರಾರ್ಥನೆಯ ಕೂಟಕ್ಕೆ ಹೋಗತೊಡಗಿದ ಮೇಲೆ, ನಂಗವಳ್ಳಿ ಹತ್ತಿರದ ನಮ್ಮೂರಲ್ಲಿ ಕುಲದೇವರ ಪೂಜೆಯ ಪಾಲು ಹಂಚುವಾಗ ನನ್ನದನ್ನು ಎತ್ತಿಡುವುದು ಬಿಟ್ಟರು. ಯಾರೂ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ನನ್ನವರು ಅಂತ ಉಳಿದದ್ದು ಆ ಕೂಟದ ಹತ್ತಾರು ಜನ ಮಾತ್ರ. ಹೊಳೆಯಲ್ಲಿ ಮುಳುಗಿಸುವ ದೀಕ್ಷಾಸ್ನಾನ ಒಂದಾದರೆ ಪೂರ್ತಿ ಅವರಲ್ಲೊಬ್ಬನಾಗುತ್ತಿದ್ದೆ.

ಕೂಟ ನಡೆಸುತ್ತಿದ್ದವರು ಅಣೆಕಟ್ಟಿನ ಕೆಲಸದಿಂದ ರಿಟೈರಾದ ಮುದುಕರು, ಮಾರಂಡಹಳ್ಳಿ ಕಡೆಯವರು. ಪಾಠ ತಮಿಳಲ್ಲಿ, ನನ್ನ ಜೊತೆ ಮಾತು ಕನ್ನಡದಲ್ಲಿ. ಸ್ನಾನಕ್ಕೆ ವಾರವಿರುವಾಗ, ಬೈಬಲಿನಿಂದ ಅಬ್ರಹಾಮನ ಗುಡಾರಕ್ಕೆ ಮೂವರು ಬಂದ ಕಥೆ ಓದಿ, ನನ್ನ ಕಡೆ ತಿರುಗಿದರು.

"ಬಂದೋರು ಮೂವರು. ಅವ್ನು ಸ್ವಾಮಿ ಅಂತ ಕರ್ದಿದ್ದು ಒಬ್ಬನ್ನ. ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ನೇ ದೇವ್ರು ಅನ್ನಾಕೆ ಇನ್ನೇನ್ ಬೇಕ್ಲಾ?"

ನನ್ನ ಬಾಯಿ ಸುಮ್ಮನಿರಬೇಕಲ್ಲ. "ನಮ್ಮೂರಾಗೆ ಮೂವರು ನೆಂಟ್ರು ಬಂದ್ರೆ ಇರೀಕನ್ನ ಮಾತ್ರ 'ಬಾಪ್ಪಾ' ಅಂತೀವಿ. ಕಾಲಿಗೆ ನೀರೂ ಅವ್ನಿಗೇ ಮೊದ್ಲು. ಮಿಕ್ಕೋರು ಅವ್ನ ಇಂದಿಂದೇನೇ ಒಳಕ್ ಬತ್ತಾರೆ. ಅಬ್ರಹಾಮನೂ ಅಂಗೇ ಕರ್ದಿರ್ಬೇಕು. ದೇವ್ರು ಒಬ್ನೇ ಅಂತ ತಾನೆ ಅದೇ ಬೈಬಲ್ನಾಗೆ ಮೋಶೆ ಏಳಿರಾದು?"

ಕುರಿ ದನ ಕಾಯುತ್ತಿದ್ದ ಅಬ್ರಹಾಮ ನನಗೆ ನಮ್ಮ ಕಡೆಯ ಗೌಡನಂತೆಯೇ ಕಂಡಿದ್ದ.

ಮುದುಕರು ಸಿಟ್ಟಾಗಲಿಲ್ಲ. "ಒಂಟಿ ದೇವ್ರಾದ್ರೆ, ಲೋಕ ಉಟ್ಸಾಕ್ ಮುಂಚೆ ಯಾರ್ನ ಪ್ರೀತಿಸ್ತಿದ್ದ? ಸೊಲ್ಲು ತಂಬಿ," ಎಂದು ತಮಿಳಲ್ಲೇ ಉತ್ತರ ಕೇಳಿದರು. ಮೂವರ ಹೆಸರಲ್ಲಿ ಮುಳುಗುತ್ತೀಯಾ ಅಂತ ಕೇಳಿದರು. ನಂಬದೆ ಹೂಂ ಅನ್ನಲಾರೆ ಅಂದೆ.

ಆ ಭಾನುವಾರ ಕಾವೇರಿ ದಡದಲ್ಲಿ ಎಲ್ಲರ ಒಣಬಟ್ಟೆ ಹಿಡಿದು ನಿಂತಿದ್ದೆ. ಮುಳುಗಿ ಎದ್ದವರನ್ನು ಉಳಿದವರು ತಬ್ಬಿಕೊಂಡರು. ಒಬ್ಬೊಬ್ಬರೇ ಬಂದು ತಮ್ಮ ಬಟ್ಟೆ ತೆಗೆದುಕೊಂಡು ಹೋದರು. ಆಮೇಲೆ ಊಟಕ್ಕೆ ಕರೆದರು, ಇಲ್ಲ ಅನ್ನುವುದಿಲ್ಲ. ಆದರೆ ಆ ಕರೆಯಲ್ಲಿ ಹೊರಗಿನವನಿಗೆ ಕೊಡುವ ಮರ್ಯಾದೆಯಿತ್ತು, ಮನೆಯವನ ಸಲಿಗೆ ಇರಲಿಲ್ಲ. ನನಗೆ ತುಂಬಾ ನೋವಾಯಿತು. ಹೋಗಲಿಲ್ಲ.

ರೂಮಿಗೆ ಬಂದು ಅನ್ನಕ್ಕಿಟ್ಟೆ. ಒಬ್ಬನೇ ಕೂತು ಉಂಡೆ. ಮುದುಕರ ಮಾತೇ ನಿಜವಾಗಿರಲಿ, ದೇವರಿಗಾದರೂ ಜೊತೆಗೆ ಯಾರಾದರೂ ಇರಲಿ ಅಂತ ಅವತ್ತು ಮೊದಲ ಸಲ ಆಸೆಪಟ್ಟೆ. ಆಸೆಪಟ್ಟೆ, ಅಷ್ಟೇ. ನಂಬಲು ಮಾತ್ರ ಆಗಲಿಲ್ಲ.